ಬ್ಯಾಳಿ ಬೇಯುವ ನೀರು

ನವಲಗುಂದ, ಅಣ್ಣಿಗೇರಿಯ ಎರೆಹೊಲದ ಊರುಗಳಲ್ಲಿ ನೀರಿಗೆ ಒಂದು ಹಳೆಯ ಪರೀಕ್ಷೆಯಿದೆ: ‘ಬ್ಯಾಳಿ ಬೇಯ್ತಾವೇನು?’ ಬೇಯದಿದ್ದರೆ ಅದು ಸವುಳು ನೀರು. ದನಕ್ಕಾದೀತು, ಒಲೆಯ ಮೇಲಿಡಲು ಬಾರದು. ಹೋಳಿ ಹುಣ್ಣಿಮೆ, ಯುಗಾದಿ ಬಂದರೆ ಈ ಪರೀಕ್ಷೆ ಇನ್ನೂ ಬಿಗಿಯಾಗುತ್ತದೆ. ಹೋಳಿಗೆಯ ಹೂರಣದಲ್ಲಿ ಅರೆಬೆಂದ ಒಂದೇ ಒಂದು ಬೇಳೆ ಉಳಿದರೂ ಲಟ್ಟಿಸುವಾಗ ಕಣಕ ಹರಿಯುತ್ತದೆ.

ಕಡಲೆಬೇಳೆಯ ಒಳಗೆ ಸಣ್ಣ ಸಣ್ಣ ಜೀವಕೋಶಗಳು ಒತ್ತಾಗಿ ಕೂತಿವೆ. ಒಂದೊಂದೂ ಸುಮಾರು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಗೋಡೆಯ ಇಟ್ಟಿಗೆಗಳನ್ನು ಗಾರೆ ಹಿಡಿದಂತೆ ಅವನ್ನು ಪೆಕ್ಟಿನ್ ಹಿಡಿದಿರುತ್ತದೆ. ಕುದಿಯುವ ನೀರಿನಲ್ಲಿ ಪೆಕ್ಟಿನ್ ಕರಗಿ, ಕೋಶಗಳು ಒಂದರಿಂದೊಂದು ಕಳಚಿಕೊಳ್ಳುತ್ತವೆ. ಬೇಳೆ ಬೇಯುವುದೆಂದರೆ ಮುಖ್ಯವಾಗಿ ಇದೇ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚಿದ್ದರೆ ಅವು ಪೆಕ್ಟಿನ್ನಿನ ಎಳೆಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತವೆ. ಆಮೇಲೆ ಎಷ್ಟು ಸೌದೆ ಉರಿಸಿದರೂ ಅಷ್ಟೇ.

ಈ ಎರೆಬಯಲಿನಲ್ಲಿ ಮಳೆ ಕಡಿಮೆ, ಮಣ್ಣು ಜಿಗುಟು. ನೀರು ಬಸಿದು ಹೋಗದೆ ಆವಿಯಾದಾಗ ಲವಣಗಳು ಹಿಂದೆ ಉಳಿಯುತ್ತವೆ. ಬಯಲಿನ ಬೋರಿನ ನೀರಿಗೆ ಈ ಗುಣ ಬರುವುದು ಹೀಗೆ. ಮಳೆ ಹೆಚ್ಚು ಬೀಳುವ ಕಲಘಟಗಿಯ ಮಲೆನಾಡ ಸೆರಗಿನಲ್ಲಿ ಈ ತಾಪತ್ರಯ ಅಷ್ಟಿಲ್ಲ. ನಾವು ಮಾತ್ರ ‘ಸವುಳು’ ಅಂದೊಡನೆ ಉಪ್ಪನ್ನು ದೂರುತ್ತೇವೆ. ಪಾಪ, ಅಡುಗೆ ಉಪ್ಪಿನ ಸೋಡಿಯಂ ಕ್ಯಾಲ್ಸಿಯಂ ಅನ್ನು ಸರಿಸಿ ಬೇಳೆಯನ್ನು ಮೆತ್ತಗಾಗಿಸುವ ಕಡೆಯದು. ಚಿಟಿಕೆ ಸೋಡಾ ಹಾಕುವ ಉಪಾಯದಲ್ಲೂ ಒಂದಷ್ಟು ಕೆಲಸ ಸೋಡಿಯಂದೇ, ಉಳಿದದ್ದು ಕ್ಷಾರದ್ದು. ಆದರೆ ಸೋಡಾ ಹೆಚ್ಚಾದರೆ ಬಿ1 ಜೀವಸತ್ವ ಹಾಳಾಗುತ್ತದೆ, ಹೂರಣಕ್ಕೆ ಸಾಬೂನಿನ ವಾಸನೆ ಹತ್ತುತ್ತದೆ.

ತಪ್ಪು ಬೇಳೆಯದೂ ಇರಬಹುದು. ಇದು ಕಡಲೆಯ ಸೀಮೆ. ಊರಿನ ಹೆಸರನ್ನೇ ಹೊತ್ತ ‘ಅಣ್ಣಿಗೇರಿ-1’ ತಳಿ 1978ರಲ್ಲಿ ಬಿಡುಗಡೆಯಾಯಿತು. ಆದರೆ ಎಂಥ ಒಳ್ಳೆಯ ಕಡಲೆಯೂ ಸೆಕೆ, ತೇವದಲ್ಲಿ ಬಹುಕಾಲ ಕೂತರೆ ಗಡುಸಾಗುತ್ತದೆ. ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡಿದ್ದ ಫೈಟೇಟ್ ಒಡೆದು, ಬಿಡುಗಡೆಯಾದ ಕ್ಯಾಲ್ಸಿಯಂ ಪೆಕ್ಟಿನ್ನಿಗೇ ಹೋಗಿ ಅಂಟಿಕೊಳ್ಳುತ್ತದೆ.

ಹೂರಣದ ನಿಜವಾದ ಸೋಜಿಗ ಇರುವುದು ಬೆಂದ ಮೇಲೆ. ಅಕ್ಕಿಹಿಟ್ಟು ಕುದಿಸಿದರೆ ಅಂಬಲಿಯಾಗಿ ಅಂಟುತ್ತದೆ. ಪಿಷ್ಟ ತುಂಬಿದ ಬೇಳೆ ಏಕೆ ಹಾಗಾಗುವುದಿಲ್ಲ? ಬಿಸಿಗೆ ಒಳಗಿನ ಪ್ರೋಟೀನು ಪಿಷ್ಟದ ಕಣಗಳ ಸುತ್ತ ಗಟ್ಟಿಯಾಗುತ್ತದೆ, ಕೋಶದ ಗೋಡೆಯೂ ಒಡೆಯದೆ ಉಳಿಯುತ್ತದೆ. ಪಿಷ್ಟ ಉಬ್ಬಿದರೂ ಒಳಗೇ ಬಂದಿ. ನಾಲಿಗೆಗೆ ನುಣುಪಾಗಿ, ಸ್ವಲ್ಪವೇ ಪುಡಿಯಾಗಿ ಹತ್ತುವುದು ಈ ಇಡೀ ಕೋಶಗಳು. ಮಿಕ್ಸಿಯ ಬ್ಲೇಡು ಬಹಳ ಹೊತ್ತು ತಿರುಗಿದರೆ ಗೋಡೆಗಳು ಸೀಳಿ ಹೂರಣ ಅಂಟಾಗುತ್ತದೆ. ಒಳಕಲ್ಲಿನ ಹೂರಣವೇ ಚೆಂದ ಅನ್ನುವ ಅಜ್ಜಿಯಂದಿರ ಪಕ್ಷವೇ ನನ್ನದು.

ಜಪಾನಿನವರು ಕೆಂಪು ಅಜುಕಿ ಕಾಳಿನಿಂದ ಮಾಡುವ ‘ಅಂಕೋ’ ಹೂರಣ ನಿಂತಿರುವುದೂ ಇದೇ ಕೋಶಗಳ ಮೇಲೆ. ಆವಿಯಲ್ಲಿ ಬೆಂದ ‘ಮಂಜು’ ಎಂಬ ಕಡುಬು, ಅಗರ್ ಹಾಕಿ ಬರ್ಫಿಯಂತೆ ಗಟ್ಟಿಮಾಡುವ ಯೋಕಾನ್, 1874ರಲ್ಲಿ ಟೋಕಿಯೋದ ಕಿಮುರಾಯ ಬೇಕರಿ ಮಾಡಿದ ಅನ್‌ಪಾನ್ ಬ್ರೆಡ್ಡು, ಎಲ್ಲದರಲ್ಲೂ ಇರುವುದು ಅದೇ ಅಂಕೋ. ಅವರು ಕಾಳಿನ ಮೊದಲ ಕುದಿಯ ನೀರನ್ನು ಚೆಲ್ಲುತ್ತಾರೆ, ಕೆಂಪು ಸಿಪ್ಪೆಯ ಒಗರು ಹೋಗಲೆಂದು. ನಮ್ಮ ಬೇಳೆಗೆ ಸಿಪ್ಪೆಯೇ ಇಲ್ಲ. ಆದ್ದರಿಂದ ಬಸಿದ ಕಟ್ಟು ಸಾರಾಗುತ್ತದೆ, ಅದರಲ್ಲಿ ಕರಗಿದ ಪೆಕ್ಟಿನ್ನೂ ಬಿ ಜೀವಸತ್ವಗಳೂ ಹೊಟ್ಟೆ ಸೇರುತ್ತವೆ. ಈ ಒಂದು ವಿಷಯದಲ್ಲಿ ಜಪಾನಿಗಿಂತ ನಾವೇ ಜಾಣರು.

ಬೆಲ್ಲ ಮಾತ್ರ ಕೊನೆಗೇ ಬೀಳಬೇಕು. ಅದರ ಸಕ್ಕರೆಯೂ ಕ್ಯಾಲ್ಸಿಯಮ್ಮೂ ಬೇಳೆ ಮೆತ್ತಗಾಗುವುದನ್ನು ತಡೆಯುತ್ತವೆ. ಬೆಂದ ಬೇಳೆಗೆ ಬೆಲ್ಲ ಹಾಕಿದೊಡನೆ ಹೂರಣ ನೀರೊಡೆಯುವುದಕ್ಕೆ ಹೆದರಬೇಕಿಲ್ಲ. ಬೆಲ್ಲ ಕರಗುತ್ತ ಕೋಶದೊಳಗಿನ ನೀರನ್ನೂ ಹೊರಗೆಳೆಯುತ್ತದೆ. ಸವಟು ನೆಟ್ಟಗೆ ನಿಲ್ಲುವವರೆಗೆ ಕೈಯಾಡಿಸಿದರಾಯಿತು.

ಈ ಸಲ ಹಬ್ಬಕ್ಕೆ ಬೇಳೆ ಬೇಯದಿದ್ದರೆ ಮನೆಯ ಹೆಣ್ಣುಮಕ್ಕಳ ಮೇಲೆ ರೇಗಬೇಡಿ. ಬೋರಿನ ನೀರನ್ನು ಮೊದಲೇ ಕುದಿಸಿ, ತಳಕ್ಕೆ ಸುಣ್ಣ ಕೂತ ಮೇಲೆ ತಿಳಿನೀರು ಬಳಸಿ ನೋಡಿ. ಅದಕ್ಕೂ ಬಗ್ಗದಿದ್ದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನು ತನ್ನಿ.