ಕೊನೆಯಕ್ಷರದಿಂದ ಹುಡುಕಾಟ

ಕಡತದಲ್ಲಿ ಪದವೊಂದನ್ನು ಹುಡುಕುವ ಪ್ರೋಗ್ರಾಂ ವೇಗವಾಗಬೇಕಾದರೆ ಅದು ಬೇಗ ಓದುವುದಕ್ಕಿಂತ ಕಡಿಮೆ ಓದಬೇಕು ಎಂಬುದನ್ನು ರಾಬರ್ಟ್ ಬೋಯರ್ ಮತ್ತು ಜೆ. ಸ್ಟ್ರೋದರ್ ಮೂರ್ 1977ರಲ್ಲಿ ಪ್ರಕಟಿಸಿದ ಅಲ್ಗಾರಿದಮ್, ಅಂದರೆ ಹಂತಹಂತದ ಕಾರ್ಯವಿಧಾನ, ತೋರಿಸಿಕೊಟ್ಟಿತು. ಇದು ಪದವನ್ನು ಕೊನೆಯಿಂದ ಹಿಂದಕ್ಕೆ ಹೋಲಿಸುತ್ತದೆ: ‘ಜನಪದ’ವನ್ನು ಹುಡುಕುವಾಗ ಪಠ್ಯದ ನಾಲ್ಕನೆಯ ಅಕ್ಷರ ‘ಟ’ ಆಗಿದ್ದರೆ, ಅದು ಪದದಲ್ಲೇ ಇಲ್ಲದ ಕಾರಣ ಹಿಂದಿನ ಮೂರನ್ನು ನೋಡದೆಯೇ ನಾಲ್ಕು ಸ್ಥಾನ ಮುಂದಕ್ಕೆ ಜಿಗಿಯಬಹುದು, ‘ನ’ ಆಗಿದ್ದರೆ ಪದದ ‘ನ’ ಅದಕ್ಕೆ ನೇರವಾಗಿ ಬರುವಂತೆ ಎರಡೇ ಸ್ಥಾನ ಸರಿಯಬೇಕು. ಹೀಗಾಗಿ, ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ಪದ ಉದ್ದವಾದಷ್ಟೂ ಹುಡುಕಾಟ ಸಾಮಾನ್ಯವಾಗಿ ಚುರುಕಾಗುತ್ತದೆ.

ಕನ್ನಡಕ್ಕಾದರೋ ವೇಗಕ್ಕಿಂತ ಮೊದಲಿನ ತೊಡಕೊಂದಿದೆ: ಯೂನಿಕೋಡ್‌ನಲ್ಲಿ ‘ಕೊಡೆ’ಯ ಒಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ಸಂಕೇತಗಳಾಗಿಯೂ ಬರೆಯಬಹುದಾದ್ದರಿಂದ, ಅವನ್ನು ಮೊದಲೇ ಏಕರೂಪಕ್ಕೆ ತರದ ಪ್ರೋಗ್ರಾಂ ಕಣ್ಣೆದುರಿಗಿರುವ ಪದವನ್ನೂ ಇಲ್ಲವೆಂದುಬಿಡಬಹುದು.