ರೇಡಿಯೊ, ಚಿಪ್, ಗಣಿತ: ಒಂದೇ ಪಂಕ್ತಿ

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಆವರಣದಾಚೆ, ಪೇಟೆಯ ಕಟ್ಟಡವೊಂದರಲ್ಲಿ ಬರ್ಕ್ಲಿ ವೈರ್‌ಲೆಸ್ ರಿಸರ್ಚ್ ಸೆಂಟರ್ ಇದೆ. ಪ್ರಾಧ್ಯಾಪಕರಾದ ರಾಬರ್ಟ್ ಬ್ರೋಡರ್ಸನ್ ಮತ್ತು ಯಾನ್ ರಬಾಯ್ 1999ರಲ್ಲಿ ಕಟ್ಟಿದ್ದು. ನಿಸ್ತಂತು ಸಾಧನವೊಂದನ್ನು ಮಾಡುವವರು ಸಾಮಾನ್ಯವಾಗಿ ಬೇರೆಬೇರೆ ಕೋಣೆಗಳವರು: ಸಂಕೇತಗಳ ಗಣಿತ ಬರೆಯುವವರು, ರೇಡಿಯೊ ಸರ್ಕ್ಯೂಟ್ ಹೆಣೆಯುವವರು, ಡಿಜಿಟಲ್ ಚಿಪ್‌ನವರು. ಅವರನ್ನೆಲ್ಲ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೇ ಈ ಸಂಸ್ಥೆಯ ಹೆಚ್ಚುಗಾರಿಕೆ. ಸದಸ್ಯ ಕಂಪನಿಗಳ ಎಂಜಿನಿಯರುಗಳಿಗೂ ವಿದ್ಯಾರ್ಥಿಗಳ ಪಕ್ಕದಲ್ಲೇ ಜಾಗ.

ಹೀಗೆ ಕೂತರೆ ಏನು ಸಿಗುತ್ತದೆ ಎಂಬುದು ಸಂಸ್ಥೆ ಹುಟ್ಟುವ ಮೊದಲೇ ಗೊತ್ತಾಗಿತ್ತು. 1990ರ ದಶಕದ ಆರಂಭದಲ್ಲಿ ಬ್ರೋಡರ್ಸನ್ ತಂಡ ಇನ್ಫೋಪ್ಯಾಡ್ ಎಂಬ ಕೈಪರದೆಯ ಬೆನ್ನು ಹತ್ತಿತ್ತು. ಲೆಕ್ಕಾಚಾರವೆಲ್ಲ ದೂರದ ಕಂಪ್ಯೂಟರಿನಲ್ಲಿ. ಕೈಯಲ್ಲಿರುವುದು ತೋರಿಸುವ ಹಲಗೆ ಮಾತ್ರ. ತೊಡಕು ಬ್ಯಾಟರಿಯದು. ಚಿಪ್ ಬಳಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ: ವೋಲ್ಟೇಜ್ ಅರ್ಧವಾದರೆ ಖರ್ಚು ಕಾಲುಭಾಗ. ಆದರೆ ಚಿಪ್ ಮಂದವಾಗುತ್ತದೆ. ಮಂದವಾದರೆ ಆಗಲಿ, ಒಂದರ ಬದಲು ಎರಡು ಸರ್ಕ್ಯೂಟ್ ಜೊತೆಯಾಗಿ ದುಡಿಯಲಿ ಎಂದರು. ಚೆನ್ನೈಯಲ್ಲಿ ಹುಟ್ಟಿದ ಅನಂತ ಚಂದ್ರಕಾಸನ್ ಆಗ ಅಲ್ಲಿ ವಿದ್ಯಾರ್ಥಿ. ಅವರು ಸ್ಯಾಮ್ಯುಯೆಲ್ ಶೆಂಗ್ ಮತ್ತು ಬ್ರೋಡರ್ಸನ್ ಜೊತೆ 1992ರಲ್ಲಿ ಬರೆದ ಪ್ರಬಂಧದ ಉದಾಹರಣೆಯಲ್ಲಿ 5 ವೋಲ್ಟ್ 2.9ಕ್ಕೆ ಇಳಿಯುತ್ತದೆ, ಕೆಲಸದ ವೇಗ ಮೊದಲಿನಷ್ಟೇ ಇರುತ್ತದೆ, ವಿದ್ಯುತ್ ಖರ್ಚು ಮಾತ್ರ ಶೇ 36ಕ್ಕೆ ಬರುತ್ತದೆ. ಚಿಪ್ ಮೇಲಿನ ಜಾಗ ಮೂರು ಪಟ್ಟಿಗೂ ಮಿಕ್ಕಿ ಬೇಕಾಗುತ್ತದೆ. ಬ್ಯಾಟರಿಯ ಮುಂದೆ ಅದು ಅಗ್ಗವೇ. ಗಣಿತವನ್ನು ಎರಡಾಗಿ ಸೀಳಬಹುದೆಂದು ತಿಳಿದವನಿಗೆ ವೋಲ್ಟೇಜಿನ ಗೊಡವೆ ಇರುವುದಿಲ್ಲ. ವೋಲ್ಟೇಜ್ ಇಳಿಸಬಲ್ಲವನಿಗೆ ಆ ಗಣಿತ ಗೊತ್ತಿರುವುದಿಲ್ಲ. ಇಬ್ಬರೂ ಕೂಡಿದಾಗಲಷ್ಟೇ ಇಂಥ ಉಪಾಯ ಹೊಳೆಯುವುದು.

ಅನಂತರ 60 ಗಿಗಾಹರ್ಟ್ಸ್ ರೇಡಿಯೊ ಅಲೆಗಳ ಸರದಿ. ಅಮೆರಿಕದಲ್ಲಿ 57ರಿಂದ 64 ಗಿಗಾಹರ್ಟ್ಸ್‌ವರೆಗೆ ಲೈಸೆನ್ಸ್ ಬೇಡದ ವಿಶಾಲ ಬಯಲು ಖಾಲಿಯಿತ್ತು. ಗಾಳಿಯ ಆಮ್ಲಜನಕ ಆ ಅಲೆಗಳನ್ನು ನುಂಗುತ್ತದೆ; ಜೊತೆಗೆ ಅಲ್ಲಿ ದುಡಿಯುವ ಚಿಪ್‌ಗೆ ದುಬಾರಿ ಗ್ಯಾಲಿಯಂ ಆರ್ಸೆನೈಡ್ ಬೇಕೆಂಬ ನಂಬಿಕೆ. ಅಲಿ ನಿಕ್‌ನೆಜಾದ್ ಮತ್ತು ಬ್ರೋಡರ್ಸನ್ ತಂಡ 130 ನ್ಯಾನೊಮೀಟರಿನ ಸಾಧಾರಣ ಸಿಲಿಕಾನಿನಲ್ಲೇ ಅದನ್ನು ಸಾಧಿಸಿ ತೋರಿಸಿತು. ಅಲೆಯ ಉದ್ದ ಬರೀ 5 ಮಿಲಿಮೀಟರ್, ಹಾಗಾಗಿ ಆಂಟೆನಾಗಳ ಸಾಲೇ ಪುಟ್ಟ ಜಾಗದಲ್ಲಿ ಹಿಡಿಸುತ್ತದೆ. ಈ ಕೆಲಸದಿಂದ ಸೈಬೀಮ್ ಎಂಬ ಕಂಪನಿ ಹುಟ್ಟಿತು.

ನನಗೆ ಹೆಚ್ಚು ಇಷ್ಟವಾದದ್ದು ಮಾತ್ರ ಬೇರೆ. ನರಗಳ ಸಂಕೇತ ಓದುವ, ಬ್ಯಾಟರಿಯೇ ಇಲ್ಲದ ಕಣವೊಂದನ್ನು ದೇಹದೊಳಗೆ ಇಡಬೇಕಿತ್ತು. ಮಿಲಿಮೀಟರ್ ಗಾತ್ರಕ್ಕೆ ಬಂದರೆ ದೇಹದೊಳಗೆ ರೇಡಿಯೊ ಅಲೆಯಿಂದ ಶಕ್ತಿ ಮುಟ್ಟಿಸುವುದು ಕಷ್ಟ. ಶ್ರವಣಾತೀತ ಶಬ್ದ ಮಾಂಸದೊಳಗೆ ಸಲೀಸಾಗಿ ಸಾಗುತ್ತದೆ. ರಬಾಯ್ ಅವರೂ ಇದ್ದ ತಂಡ ರೇಡಿಯೊವನ್ನೇ ಕೈಬಿಟ್ಟು ಶಬ್ದವನ್ನು ಹಿಡಿಯಿತು. ಇಲಿಗಳಲ್ಲಿ ಅದು ಕೆಲಸ ಮಾಡಿದ್ದನ್ನು 2016ರಲ್ಲಿ ಪ್ರಕಟಿಸಿತು. ವೈರ್‌ಲೆಸ್ ಸಂಸ್ಥೆಯವರು ಬೇಕಾದಾಗ ರೇಡಿಯೊ ಬಿಡಲು ಹಿಂಜರಿಯಲಿಲ್ಲ ಎಂಬುದು ದೊಡ್ಡ ಮಾತು.

ಚಿಪ್ ಅಚ್ಚಾಗುವ ಮೊದಲೇ ವಿನ್ಯಾಸವನ್ನು ಓಡಿಸಿ ನೋಡಲು ಈ ಸಂಸ್ಥೆಯಲ್ಲಿ 'ಬೀ' ಎಂಬ ಯಂತ್ರವನ್ನೂ ಮಾಡಿದರು. ಅದರ ಎರಡನೇ ಆವೃತ್ತಿ ಖಗೋಳಜ್ಞರ ಕೈಗೆ ಸಿಕ್ಕಿತು. ಅದರಿಂದ 'ರೋಚ್' ಎಂಬ ಬೋರ್ಡು ಬಂತು. ಪುಣೆಯ ಬಳಿಯ ಖೋಡದ್‌ನಲ್ಲಿರುವ ದೈತ್ಯ ರೇಡಿಯೊ ದೂರದರ್ಶಕದ ಆಧುನೀಕರಣಕ್ಕೆ ಬಳಸಿದ್ದು ಅಂಥ ಬೋರ್ಡುಗಳನ್ನೇ.