ನಿಮಗಿದು ಗೊತ್ತೆ? ಬಾಡಿಗೆ ಮನೆ ಸಿಕ್ಕಿತು, ನೆಲಹಾಸು ಎಲ್ಲಿ?

ನೆದರ್ಲೆಂಡ್ಸ್‌ನ ಸದ್ದಿಲ್ಲದ ಬಡಾವಣೆಯೊಂದರಲ್ಲಿ ಬಾಡಿಗೆ ಮನೆಯ ಬಾಗಿಲು ತೆರೆದರೆ ಬರಿ ಕಾಂಕ್ರೀಟ್ ನೆಲ ಕಾಣಬಹುದು. ಗಾಬರಿ ಬೇಡ. ಅಲ್ಲಿ ಖಾಲಿ ಮನೆ ಎಂದರೆ ನಿಜಕ್ಕೂ ಖಾಲಿ: ನೆಲಹಾಸು, ಪರದೆ, ಕೆಲವೊಮ್ಮೆ ದೀಪಗಳೂ ಬಾಡಿಗೆದಾರರ ಖರ್ಚೇ. ಮನೆ ಬಿಡುವಾಗ ನೆಲಹಾಸನ್ನು ಕಿತ್ತೊಯ್ಯುವವರುಂಟು. ಮುಂದೆ ಬರುವವರಿಗೆ ಮಾರಿಬಿಡುವವರು ಜಾಣರು. ಫ್ಲ್ಯಾಟಾದರೆ ಮರದ ಹಾಸಿನಡಿ ಸದ್ದು ತಡೆಯುವ ಪದರ ಹಾಕಿಸಬೇಕೆಂಬ ಷರತ್ತು ಸಾಮಾನ್ಯ. ಕೆಳಮನೆಯವರ ನಿದ್ದೆಯೂ ಮುಖ್ಯವಲ್ಲವೆ?

ಬಾಡಿಗೆ ಲೆಕ್ಕಕ್ಕೆ ಅಂಕ ಪದ್ಧತಿಯಿದೆ. ವಿಸ್ತೀರ್ಣ, ಅಡುಗೆಮನೆ, ಬಚ್ಚಲು, ಹಿತ್ತಲು, ಇಂಧನ ಉಳಿತಾಯದ ದರ್ಜೆ, ತೆರಿಗೆಗಾಗಿ ಮನೆಗೆ ಕಟ್ಟಿದ ಬೆಲೆ ಎಲ್ಲಕ್ಕೂ ಅಂಕ. 2024ರ ಜುಲೈ 1ರಿಂದ, 186 ಅಂಕದವರೆಗಿನ ಮನೆಗಳ ಹೊಸ ಕರಾರಿಗೆ ಬಾಡಿಗೆಯ ಮಿತಿ ಕಾನೂನಿನದೇ. ಹೆಚ್ಚೆನಿಸಿದರೆ ಬಾಡಿಗೆ ಆಯೋಗದ ಮೊರೆಹೋಗಬಹುದು.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕಟ್ಟಿದವರಿಗೆ ಹೊಟ್ಟೆ ಉರಿಯುವ ಸಂಗತಿ ಇನ್ನೊಂದಿದೆ. ನೆದರ್ಲೆಂಡ್ಸ್‌ನಲ್ಲಿ 2023ರ ಜುಲೈ 1ರ ನಂತರದ ಕರಾರುಗಳಲ್ಲಿ ಠೇವಣಿ ಎರಡು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಕಡಿತವೇನೂ ಇಲ್ಲದಿದ್ದರೆ, ಕರಾರು ಮುಗಿದ 14 ದಿನಗಳೊಳಗೆ ಮಾಲೀಕರು ಅದನ್ನು ಹಿಂದಿರುಗಿಸಲೇಬೇಕು.